ರ‍್ಯಾಟಲ್‌ಗೆ ಕನ್ನಡ ಹುಡುಕಿದ ಕಥೆ

"ಲೋ, ರ‍್ಯಾಟಲ್‌ಗೆ ಕನ್ನಡದಲ್ಲಿ ಏನಂತಾರೋ?"

ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ಫೋನ್ ಎತ್ತಿದ ಕೂಡಲೇ ಇದು. ಮಾಡಿದವನು ಮಂಜ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಪೀಣ್ಯದಲ್ಲಿ ಒಂದು ಪ್ರೆಸ್ ಶಾಪಿನ ಮಾಲೀಕ. (ಪ್ರೆಸ್ ಅಂದರೆ ಪತ್ರಿಕೆ ಅಲ್ಲ ಕಣ್ರೀ. ತಗಡನ್ನು ಒತ್ತಿ ಕತ್ತರಿಸುವ ಯಂತ್ರ.)

"ಯಾಕೋ, ಮೊಮ್ಮಗು ಬಂತಾ?" ಅಂದೆ.

"ತಮಾಷೆ ಬಿಡು ಗುರು. ಮುಂದಿನ ವಾರ ಆಡಿಟ್ ಇದೆ. ನಮ್ಮ ಹತ್ರ ಮಾಲು ತಗೊಳ್ಳೋ ಕಂಪನಿಯವರು ಬರ್ತಾರೆ. ಸೇಫ್ಟಿ ಬೋರ್ಡೆಲ್ಲ ಕನ್ನಡದಲ್ಲಿ ಇರ್ಬೇಕಂತೆ. ಎಲ್ಲ ಆಯ್ತು, ಒಂದೇ ಒಂದು ಲೈನ್ ಆಗ್ತಿಲ್ಲ. ಮೆಷಿನ್ನಿಂದ ರ‍್ಯಾಟಲ್ ಕೇಳಿಸಿದರೆ ತಕ್ಷಣ ಆಫ್ ಮಾಡಿ, ಸೂಪರ್‌ವೈಸರ್‌ಗೆ ತಿಳಿಸಿ. ಅದಕ್ಕೆ ಬರೀ ಶಬ್ದ ಅಂತ ಹಾಕಿದ್ರೆ ನಮ್ಮಲ್ಲಿ ಒಂದು ಮೆಷಿನ್ನೂ ಓಡಲ್ಲ!"

ನಿಮಗೆ ಗೊತ್ತೇ ಇದೆ, ಪದ ಅಂದರೆ ನನಗೆ ಹುಚ್ಚು. ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ನಿಘಂಟು ಮುಚ್ಚದ ಜಾತಿ ನಾನು. ತೆಗೆದು ನೋಡಿದೆ. ಮೊದಲ ಅರ್ಥ, ಗಿಲಕಿ. ತೊಟ್ಟಿಲಿನ ಮಗುವಿನ ಕೈಗೆ ಕೊಡುವುದು. ಆಮೇಲೆ ಗಡಗಡ ಸದ್ದು. ಆಮೇಲೆ ಬಡಬಡನೆ ಮಾತಾಡುವುದು, ಎದುರಿನವನ ಎದೆ ನಡುಗಿಸುವುದು. ಕೊನೆಯಲ್ಲಿ, ಪ್ರಾಣ ಹೋಗುವಾಗ ಗಂಟಲಲ್ಲಿ ಬರುವ ಗೊರಗೊರ. ಒಂದೇ ಪದ ತೊಟ್ಟಿಲಲ್ಲಿ ಶುರುವಾಗಿ ಎಲ್ಲಿಗೆ ಹೋಗಿ ನಿಂತಿತು ನೋಡಿ!

ಇಂಗ್ಲಿಷಿನಲ್ಲಿ ಅದಕ್ಕೆ ನೆಂಟರೂ ಇದ್ದಾರೆ. ಕ್ಲ್ಯಾಟರ್, ಕ್ಲ್ಯಾಂಕ್, ಜ್ಯಾಂಗಲ್. ನಮ್ಮಲ್ಲೇನು ಕಮ್ಮಿಯೇ? ಬಳೆಗೆ ಗಲಗಲ, ಚಿಲ್ಲರೆ ಡಬ್ಬಿಗೆ ಝಣಝಣ, ನಾಗಸಂದ್ರದ ಬಸ್ಸಿನ ಕಿಟಕಿಗೆ ಗಡಗಡ. ಆದರೆ ಸಡಿಲವಾದ ಯಂತ್ರಕ್ಕೆ ಯಾವುದು? ಕೇಳದೆ ಬರೆಯುವುದು ಹೇಗೆ? ಮಾರನೆಯ ದಿನ ಪೀಣ್ಯಕ್ಕೆ ಹೊರಟೇಬಿಟ್ಟೆ.

ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಕಿವಿ ಮುಚ್ಚಿಹೋಯಿತು. ಸಾಲಾಗಿ ಪ್ರೆಸ್ಸುಗಳು. ಆಪರೇಟರ್ ಕೈಯಿಂದ ತಗಡು ಇಡುತ್ತಾನೆ, ಕಾಲಲ್ಲಿ ಪೆಡಲ್ ಒತ್ತುತ್ತಾನೆ, ಮೇಲಿನಿಂದ ಭಾರ ಧಡ್ ಎಂದು ಇಳಿದು ತಗಡನ್ನು ಕತ್ತರಿಸಿ ಮೇಲೆ ಹೋಗಿ ನಿಲ್ಲುತ್ತದೆ. ಕತ್ತರಿಸಿದ ತುಂಡನ್ನು ಅವನು ಕೈ ಹಾಕಿ ತೆಗೆಯುತ್ತಾನೆ. ಮತ್ತೆ ತಗಡು, ಮತ್ತೆ ಧಡ್. ಬೆಳಗಿನಿಂದ ಸಂಜೆಯವರೆಗೆ ಇದೇ.

ಟೀ ಬ್ರೇಕಿನಲ್ಲಿ ನನ್ನ ಸಮಸ್ಯೆ ಮುಂದಿಟ್ಟೆ. ಕುಣಿಗಲ್ ಕಡೆಯ ರಂಗಸ್ವಾಮಿ, "ಗಡಗಡ ಅಂತ ಆಕ್ಬುಡಿ ಸಾ, ಎಲ್ಲಾರ್ಗೂ ಗೊತ್ತಾಯ್ತದೆ" ಅಂದ. ಕೊಪ್ಪಳ ಕಡೆಯ ಯಮನೂರಪ್ಪ ಒಪ್ಪಲಿಲ್ಲ.

"ಗಡಗಡ ಅಂದ್ರ ಗುಡುಗ್ರಿ ಅದು. ಇದಕ್ಕ ಲೊಟಲೊಟ ಅಂತೀವ್ರಿ ನಾವು. ಬರ್ರಿ, ಕೇಳಸ್ತೀನಿ. ನನ್ನ ಮಷಿನ್ನೇ ಈಗ ಹಂಗ ಅನ್ನಾಕತ್ತೈತಿ."

ಕರೆದುಕೊಂಡು ಹೋಗಿ ಓಡಿಸಿ ತೋರಿಸಿದ. ನಿಜ. ಒಂದು ಧಡ್‌ಗೂ ಇನ್ನೊಂದು ಧಡ್‌ಗೂ ನಡುವೆ, ಕ್ಲಚ್ ಮುಚ್ಚಿದ್ದ ಕವರಿನ ಕಡೆಯಿಂದ ಲೊಟಲೊಟ, ಲೊಟಲೊಟ. ನನಗೆ ಖುಷಿಯೋ ಖುಷಿ. ನಿಘಂಟಿನಲ್ಲಿ ಸಿಗದಿದ್ದ ಪದ ಕಣ್ಣೆದುರು ಕುಣಿಯುತ್ತಿತ್ತು.

"ಇದರಿಂದ ಏನಾಗತ್ತೆ?" ಎಂದು ಕೇಳಿದೆ.

"ಕ್ಲಚ್ ಸಡಿಲಾಗೈತ್ರಿ. ಹಿಂಗ ಬಿಟ್ರ ಒಂದಿನ ಡಬಲ್ ಹೊಡೀತೈತಿ. ಒಮ್ಮೆ ಪೆಡಲ್ ಒತ್ತಿದ್ರ ಎರಡ ಸಲ ಇಳೀತೈತಿ. ಎರಡನೇದು ಇಳಿಯೂ ಮುಂದ ನನ್ನ ಕೈ ಒಳಗಿರ್ತೈತಲ್ರೀ!" ಎಂದು ನಕ್ಕ.

ಮಂಜನಿಗೆ ಹೇಳಿದೆ. "ಗೊತ್ತು ಕಣೋ. ಕ್ಲಚ್ ಬಿಚ್ಚಿದ್ರೆ ಮೆಷಿನ್ ನಿಂತುಹೋಗತ್ತೆ. ಆಡಿಟ್‌ನವರು ಬಂದಾಗ ನಿಂತಿರೋ ಮೆಷಿನ್ ತೋರ್ಸಕ್ಕಾಗತ್ತಾ? ಅದೊಂದು ಮುಗೀಲಿ, ಮಾಡಿಸ್ತೀನಿ" ಅಂದ. ಮಾತು ಸರಿಯಾಗಿಯೇ ಕೇಳಿಸಿತು.

'ಯಂತ್ರದಿಂದ ಲೊಟಲೊಟ ಅಥವಾ ಗಡಗಡ ಸದ್ದು ಕೇಳಿಸಿದರೆ ತಕ್ಷಣ ಆಫ್ ಮಾಡಿ.' ನನ್ನದೇ ವಾಕ್ಯ, ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ. ಅದನ್ನು ಯಮನೂರಪ್ಪನ ತಲೆಯ ಮೇಲೆಯೇ ನೇತುಹಾಕಿದರು. ಆಡಿಟ್ ಪಾಸಾಯಿತು. ಮಂಜ ಮೈಸೂರುಪಾಕು ಕಳಿಸಿದ. ತಿಂದೆ.

ಕಳೆದ ವಾರ ಮತ್ತೆ ಮಂಜನ ಫೋನ್. ಯಮನೂರಪ್ಪನ ಬಲಗೈ ಪ್ರೆಸ್ಸಿಗೆ ಸಿಕ್ಕಿತ್ತು. ಉಳಿದದ್ದು ಹೆಬ್ಬೆರಳೊಂದೇ.

ಆಸ್ಪತ್ರೆಗೆ ಹೋದೆ. ಹೆಂಡತಿ ರೇಣವ್ವ ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಬ್ಯಾಂಡೇಜು ಸುತ್ತಿದ ಕೈ ದಿಂಬಿನ ಮೇಲಿತ್ತು. ನಾನು ಅದನ್ನು ನೋಡದೆ ಇರಲು ಕಿಟಕಿ ನೋಡಿದೆ. ಏನು ಮಾತಾಡಬೇಕು? ಹೇಗಿದ್ದೀಯ ಅಂತಲೇ?

"ಡಬಲ್ ಹೊಡೀತ್ರಿ" ಅಂದ, ತಾನಾಗಿಯೇ.

"ಸದ್ದು ಬರ್ತಿರ್ಲಿಲ್ವಾ ಯಮನೂರಪ್ಪ? ಕ್ಲಚ್ ರಿಪೇರಿ ಆಗಿತ್ತಲ್ವಾ?"

"ಎಲ್ಲಿ ರಿಪೇರ್ರಿ! ಆಡಿಟ್ ಹಿಂದಿನ ದಿನ ಸೂಪರ್‌ವೈಸರ್ ಬಂದು, ನಾಳೆ ಈ ಮಷಿನ್ ಸದ್ದ ಮಾಡ್ಬಾರ್ದು ಅಂದ್ರು. ಸೈಕಲ್ ಟ್ಯೂಬ್ ಕತ್ತರ್ಸಿ ಕವರ್ ಸಂದಿನ್ಯಾಗ ತುರಕಿದ್ವಿ. ನಾನ ತುರಕಿದ್ನಿರಿ, ಈ ಕೈಲೇ. ಸದ್ದ ಗಪ್ ಆತು. ಆಡಿಟ್‌ನ್ಯಾವ್ರು ಬಂದ್ರು, ಬೋರ್ಡ್ ನೋಡಿದ್ರು, ಮಷಿನ್ ಓಡ್ಸಿ ಕೇಳಿದ್ರು, ವೆರಿ ಗುಡ್ ಅಂದು ಹ್ವಾದ್ರು."

"ಆಮೇಲೆ?"

"ಆಮ್ಯಾಲೇನ್ರಿ, ಸದ್ದ ಇಲ್ಲಲ್ಲ. ಎಲ್ರೂ ಮರತ್ವಿ. ನಾನೂ ಮರತ್ನಿ."

ರೇಣವ್ವ ತುತ್ತು ಹಿಡಿದುಕೊಂಡೇ ನನ್ನತ್ತ ತಿರುಗಿದಳು. "ಸಾವ್ಕಾರ್ರು ನಿಮ್ಮ ದೋಸ್ತ್ ಅಂತಲ್ರಿ. ಇವ್ರನ್ನ ಮತ್ತ ಕೆಲ್ಸಕ್ಕ ಇಟ್ಕೋತಾರೇನ್ರಿ? ಗೇಟ್ ಕಾಯಾಕರ ಇಟ್ಕೊಳ್ಲಿ, ಹೇಳ್ರಿ." ಹೇಳ್ತೀನಮ್ಮ ಅಂದೆ. ಮೆಟ್ಟಿಲಿಳಿಯುವಾಗ ಮಂಜನ ಮೇಲೆ ಕೆಟ್ಟ ಕೋಪ.

ಆದರೆ ಮಂಜ ಒಬ್ಬನೇ ಹಾಗಾ? ಕಾರಿನ ಡ್ಯಾಶ್‌ಬೋರ್ಡ್ ಕಟಕಟ ಅಂದರೆ ನಾವು ಏನು ಮಾಡುತ್ತೇವೆ? ಎಫ್‌ಎಂ ಜೋರು ಮಾಡುತ್ತೇವೆ. ಫ್ರಿಜ್ ಗಡಗಡ ಅಂದರೆ ಅಡಿಗೆ ರಟ್ಟು ಮಡಚಿ ಇಡುತ್ತೇವೆ. ಎದೆಯಲ್ಲಿ ಏನೋ ಚುಚ್ಚಿದರೆ, ಗ್ಯಾಸು ಕಣ್ರೀ ಗ್ಯಾಸು, ಎಂದು ಒಂದು ಮಾತ್ರೆ ನುಂಗುತ್ತೇವೆ. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ ಏನು ಮಾಡಿದರು? ದಡಕ್ಕೆ ಬಲೆ ಕಟ್ಟಿದರು. ನೊರೆ ಸ್ಕೂಟರಿನವರ ಮುಖಕ್ಕೆ ಬರಬಾರದು, ಅಷ್ಟೇ. ಕೆರೆಯಲ್ಲಿ ಏನು ಕೊಳೆಯುತ್ತಿದೆಯೋ ಯಾರಿಗೆ ಬೇಕು?

ಯಂತ್ರ ಪಾಪ, ತನಗೆ ಬರುವ ಒಂದೇ ಭಾಷೆಯಲ್ಲಿ ಕೂಗಿಕೊಂಡಿತ್ತು. ಅದರ ಕೂಗಿಗೆ ಕನ್ನಡ ಹುಡುಕಿ ಬೋರ್ಡ್ ಬರೆಸಿದೆವು, ಆಡಿಟರ್ ಬರುವಷ್ಟರಲ್ಲಿ ಅದರ ಬಾಯಿಗೆ ಟ್ಯೂಬು ತುರುಕಿದೆವು. ಥೂ!

ನಿನ್ನೆ ಮಂಜ ಮನೆಗೇ ಬಂದಿದ್ದ. ಮುಖ ಸಣ್ಣದಾಗಿತ್ತು. ನಿದ್ದೆ ಮಾಡಿದಂತಿರಲಿಲ್ಲ. ಕಾಫಿ ಕೊಟ್ಟೆ. ರೇಣವ್ವ ಹೇಳಿದ್ದನ್ನು ಹೇಳಿದೆ.

"ನೋಡೋಣ ಕಣೋ, ಮೊದ್ಲು ಈ ರಿಪೋರ್ಟ್ ಒಂದು ಮುಗೀಲಿ" ಅಂದ. "ಕಂಪನಿಯವರು ಕೇಳ್ತಿದ್ದಾರೆ, ಇನ್‌ಸ್ಪೆಕ್ಟರ್ ಬರ್ತಾನಂತೆ. ನೀನು ಕನ್ನಡದಲ್ಲಿ ಬರ್ಕೊಟ್ರೆ ಯಮನೂರಪ್ಪನ ಹತ್ರ ಎಡಗೈಲಾದ್ರೂ ಸಹಿ ಹಾಕಿಸ್ತೀನಿ. ಬೋರ್ಡ್ ಅಂತೂ ಇದೆ, ನೀನೇ ಬರೆದಿದ್ದು. ಅಷ್ಟು ಸ್ಪಷ್ಟವಾಗಿ ಹಾಕಿದ್ರೂ ಅವನು ಆಫ್ ಮಾಡ್ಲಿಲ್ಲ. ಆಪರೇಟರ್ ನೆಗ್ಲಿಜೆನ್ಸ್ ಅಂತ ಆಗತ್ತೆ."

"ಹಾಗೆ ಸಹಿ ಹಾಕಿದ್ರೆ ಅವನ ಕೆಲ್ಸ?"

ಮಂಜ ಲೋಟದ ತಳದ ಕಾಫಿಯನ್ನು ಆಡಿಸುತ್ತಾ ತಗ್ಗಿದ ದನಿಯಲ್ಲಿ ಕೇಳಿದ.

"ನೆಗ್ಲಿಜೆನ್ಸ್‌ಗೆ ಕನ್ನಡದಲ್ಲಿ ಯಾವುದು ಸ್ವಲ್ಪ ಸಾಫ್ಟ್ ಆಗಿರತ್ತೋ? ನಿರ್ಲಕ್ಷ್ಯ, ಅಲಕ್ಷ್ಯ, ಅಜಾಗರೂಕತೆ... ಪಾಪ, ಓದಿದಾಗ ಅವನಿಗೂ ಬೇಜಾರಾಗ್ಬಾರ್ದು ನೋಡು."

ಪೆನ್ನು ತೆಗೆದುಕೊಂಡೆ. ಕಾಗದ ಎಳೆದುಕೊಂಡೆ. ನಿಘಂಟು ಬೇಕಾಗಲಿಲ್ಲ.

"ನಿರ್ಲಕ್ಷ್ಯ ಅಂತಲೇ ಬರೀತೀನಿ ಮಂಜ. ಯಾರದ್ದು ಅಂತ ಬರೀಲಿ?"