ನೆಲ್ಲಿನ ನಡುವೆ ನಿಂತ ಸ್ಕೂಟರ್

ಇಪ್ಪತ್ತೆರಡು ವರ್ಷಗಳಿಂದ ನಾನು ಬೇರೆಯವರ ತಕರಾರುಗಳನ್ನು ಬರೆದು ಪತ್ರಿಕೆಗೆ ಕಳಿಸುತ್ತ ಬಂದಿದ್ದೇನೆ. ನನ್ನದೇ ತಕರಾರು ಬರೆದದ್ದು ಒಮ್ಮೆ ಮಾತ್ರ, ಸಿಂಧನೂರಿನ ಒಂದು ಖಾಸಗಿ ಪಾರ್ಕಿಂಗಿನವರು ಹಾಕಿದ ನೂರು ರೂಪಾಯಿ ದಂಡದ ವಿರುದ್ಧ. ಅದರ ತೀರ್ಪನ್ನೂ ನಾನೇ ಬರೆಯಬೇಕಾಯಿತು.

ಪಾರ್ಕಿಂಗ್ ಎಂದರೆ ಬಸ್ ನಿಲ್ದಾಣದಿಂದ ಐದು ನಿಮಿಷ ದೂರದ, ಯಂತ್ರ ನಿಂತುಹೋದ ಒಂದು ಅಕ್ಕಿ ಗಿರಣಿಯ ಅಂಗಳ. ನೆಲ್ಲು ಒಣಗಿಸಲೆಂದು ಹಾಕಿದ ಸಿಮೆಂಟಿನ ಕಣ ಇನ್ನೂ ಗಟ್ಟಿಯಾಗಿದೆ. ಮಸ್ಕಿ, ಲಿಂಗಸುಗೂರು ಕಡೆ ಬಸ್ಸು ಹಿಡಿಯುವವರು ಬೆಳಿಗ್ಗೆ ಅಲ್ಲಿ ಗಾಡಿ ಬಿಟ್ಟು ಸಂಜೆ ಒಯ್ಯುತ್ತಾರೆ. ಗೇಟಿನಲ್ಲಿ ಕೂರುವ ಹಿರಿಯರು ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ನಿವೃತ್ತರಾದವರು. ಗಣಿಗೆ ಇಳಿಯುವವರು ಹಲಗೆಯ ಮೊಳೆಯಿಂದ ಒಂದು ಬಿಲ್ಲೆ ತೆಗೆದುಕೊಂಡು ಇಳಿಯುತ್ತಿದ್ದರಂತೆ, ಮೇಲೆ ಬಂದ ಮೇಲೆ ಅದನ್ನು ಮತ್ತೆ ಅದೇ ಮೊಳೆಗೆ ತೂಗುಹಾಕುತ್ತಿದ್ದರಂತೆ. ಪಾರ್ಕಿಂಗನ್ನೂ ಅವರು ಹಾಗೆಯೇ ನಡೆಸುತ್ತಿದ್ದರು. ಗೋಡೆಗೆ ಹಲಗೆ, ಹಲಗೆಗೆ ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. “ಮೊಳಿ ಖಾಲಿ ಐತಿ ಅಂದ್ರ ಮನಶ್ಯಾ ಒಳಗದಾನ,” ಎಂಬುದು ಅವರ ಏಕೈಕ ನಿಯಮ. ಆ ಮನುಷ್ಯ ಕಣ್ಣೆದುರಿಗೆ ರಸ್ತೆಯ ಆಚೆ ಚಹಾ ಕುಡಿಯುತ್ತ ಕೂತಿದ್ದರೂ ನಿಯಮ ಬದಲಾಗುತ್ತಿರಲಿಲ್ಲ.

ಆ ಗುರುವಾರ ನನ್ನ ಬೈಕಿನ ಎಂಜಿನ್ ಮೆಕ್ಯಾನಿಕ್ಕನ ಗೋಣಿಚೀಲದ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ಹೆಂಡತಿಗೆ ಊರೊಳಗೇ ಶಿಕ್ಷಕರ ತರಬೇತಿ ಇದ್ದುದರಿಂದ ಅವಳ ಸ್ಕೂಟರ್ ಒಂದು ದಿನದ ಮಟ್ಟಿಗೆ ನನಗೆ ಸಿಕ್ಕಿತು. ಅವಳು ಸಾಲಗುಂದದ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ತಡವಾಗಿ ಬಂದವರ ಹೆಸರಿನ ಮುಂದೆ ಅಲ್ಲಿಯ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತದೆ. ಹನ್ನೊಂದು ವರ್ಷದಲ್ಲಿ ಅವಳ ಹೆಸರಿನ ಮುಂದೆ ಒಂದೂ ಬಿದ್ದಿರಲಿಲ್ಲ.

“ಶನಿವಾರ ಮುಂಜಾನಿ ಸಾಲಿ ಐತಿ. ಎಂಟಕ್ಕ ಅಲ್ಲಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ,” ಎಂದು ಕೀಲಿಕೈ ಕೊಡುವಾಗ ಹೇಳಿದಳು.

“ಇವತ್ತು ಗುರುವಾರ.”

“ಅದಕ್ಕ ಹೇಳಾಕತ್ತೀನಿ. ನಿಮ್ಮ ಕೈಯಾಗ ಕೊಟ್ಟದ್ದು ಎರಡು ದಿನಕ್ಕರ ತಿರುಗಿ ಬರ್ಲಿ ಅಂತ.”

ಗಿರಣಿಯ ಗೇಟಿಗೆ ಬಂದಾಗ ಪತ್ರಿಕೆಯ ಕಚೇರಿಯಿಂದ ಫೋನ್ ಬಂತು. ಹಿಂದಿನ ದಿನದ ಸುದ್ದಿಯಲ್ಲಿ ಒಂದು ಗ್ರಾಮದ ಹೆಸರು ತಪ್ಪಿತ್ತು. ಗೇಟಿಗೆ ಒರಗಿ ನಿಂತು ಅದನ್ನು ತಿದ್ದಿಸಿದೆ. ಆಮೇಲೆ ಹದಿನೇಳನೇ ನಂಬರಿನ ಬಿಲ್ಲೆ ತೆಗೆದುಕೊಂಡು, ಸೀಟು ಬಿಸಿಯಾಗದಿರಲೆಂದು ಸ್ಕೂಟರನ್ನು ಅಂಗಳದ ತುದಿಯ ಗೋಡೆಯವರೆಗೆ ಒಯ್ದು, ಬೇವಿನ ಮರದ ಕೆಳಗೆ ನಿಲ್ಲಿಸಿದೆ.

ಲಿಂಗಸುಗೂರಿನಲ್ಲಿ ಕಾಲುವೆ ನೀರಿನ ಸಭೆ ಒಂದು ಗಂಟೆಗೆ ಮುಗಿಯಬೇಕಿತ್ತು. ನಾಲ್ಕಕ್ಕೆ ಮುಗಿಯಿತು. ಸಂಜೆ ತಿರುಗಿ ಬಂದಾಗ ಅಂಗಳದಲ್ಲಿ ಒಂದು ಗಾಡಿಯೂ ಇರಲಿಲ್ಲ. ಗೇಟಿನಿಂದ ಗೋಡೆಯವರೆಗೆ ಹಸಿ ನೆಲ್ಲು ಹರಡಿತ್ತು. ಅದರ ಆಚೆ ದಂಡೆಯಲ್ಲಿ, ಬೇವಿನ ಕೆಳಗೆ, ಹೆಂಡತಿಯ ಸ್ಕೂಟರ್ ಒಂಟಿಯಾಗಿ ನಿಂತಿತ್ತು.

ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ ಒಬ್ಬ ಹಿರಿಯ ಹೆಣ್ಣುಮಗಳು ಬರಿಗಾಲು ಎಳೆಯುತ್ತ ನೆಲ್ಲಿನಲ್ಲಿ ಸಾಲು ಬಿಡುತ್ತಿದ್ದಳು. ಕಾಲಾಡಿಸುವುದು ಎನ್ನುತ್ತಾರೆ. ಗಂಟೆಗೊಮ್ಮೆ ಹಾಗೆ ಕಾಲಾಡಿಸಿದರೆ ಅಡಿಯ ಕಾಳು ಮೇಲೆ ಬಂದು ಒಣಗುತ್ತದೆ. ಅವಳು ನನ್ನನ್ನು ನೋಡಿ ನಿಂತಳು.

“ಎಪ್ಪಾ, ಆ ಗಾಡಿ ನಿಂದೇನು? ನೆಲ್ಲಿನ ಸಂಗಾಟ ಅದನ್ನೂ ಒಣಗಾಕ ಹಾಕೀಯೇನು?”

“ನಡುವೆ ಸ್ವಲ್ಪ ದಾರಿ ಮಾಡಿದರೆ ತಳ್ಳಿಕೊಂಡು ಬರ್ತೀನಿ,” ಎಂದೆ.

“ಕಾಳಿನ ಮ್ಯಾಲ ಗಾಲಿ ಹಾಯಸ್ತೀಯಾ? ಅನ್ನ ಉಣ್ತೀಯೋ ಇಲ್ಲೋ?”

ನಮ್ಮ ಕಡೆ ಹರಡಿದ ಕಾಳಿನ ಮೇಲೆ ಚಪ್ಪಲಿ ಕಾಲಿಡುವವರೂ ಇಲ್ಲ. ಕಣ ಯಾವಾಗ ಖಾಲಿಯಾಗುತ್ತದೆ ಎಂದು ಕೇಳಿದೆ. ನೆಲ್ಲು ರಾಶಿಯಾಗುವುದು ಮರುದಿನ ಸಂಜೆಗೆ, ಅದೂ ಒಣಗಿದರೆ, ಎಂದಳು. ಜೊತೆಗೆ ಬರುವವಳು ಜ್ವರದಿಂದ ಮಲಗಿದ್ದಳು, ಇಷ್ಟು ದೊಡ್ಡ ಕಣಕ್ಕೆ ಎರಡೇ ಕಾಲು ಎಂದು ತನ್ನ ಕಾಲುಗಳನ್ನೇ ತೋರಿಸಿದಳು.

ಗೇಟಿನ ಹಿರಿಯರು ಅಷ್ಟರಲ್ಲಿ ಒಂದು ಚೀಟಿ ಹರಿದು ಕೊಟ್ಟರು. ಹೇಳಿದ ವೇಳೆಗೆ ಗಾಡಿ ತೆಗೆಯದ ಕಾರಣ ದಂಡ ನೂರು ರೂಪಾಯಿ.

“ಯಾರಿಗೆ ಹೇಳಿದ್ರಿ?”

“ಗೇಟಿನ ಬೋರ್ಡಿಗೆ ಬರದಿದ್ದೆ. ನೆಲ್ಲು ಹಾಕೋದೈತಿ, ಹನ್ನೆರಡರೊಳಗ ತಗೀರಿ ಅಂತ. ಎಲ್ಲಾರೂ ತಗದ್ರು.”

“ಬೆಳಿಗ್ಗೆ ನಾನು ಬಂದಾಗ ಬೋರ್ಡಿನಲ್ಲಿ ಏನೂ ಇರಲಿಲ್ಲ.”

“ಇತ್ತು.”

“ಇರಲಿಲ್ಲ.”

“ಚೀಟಿ ಹಿಂದ ಓದ್ರಿ. ತಕರಾರಿದ್ರ ಮಾಲಕರಿಗೆ ಬರದು ಕೊಡ್ರಿ, ಮಸ್ಕ್ಯಾಗದಾರ. ಈ ಚೀಟಿ ಹರಿಯೂತನಕ ಗಾಡಿ ಬಿಡಂಗಿಲ್ಲ.”

ನಡೆದೇ ಮನೆಗೆ ಹೋದೆ. ಹೆಂಡತಿ ಎಲ್ಲ ಕೇಳಿದಳು. “ನೂರು ರೂಪಾಯಿ ಕೊಟ್ಟು ತರ್ರಿ,” ಎಂದಳು. ಪ್ರಶ್ನೆ ಹಣದ್ದಲ್ಲ, ಮುಂಚೆ ತಿಳಿಸದೆ ದಂಡ ಹಾಕಬಾರದು, ಕೊಟ್ಟರೆ ತಪ್ಪು ಒಪ್ಪಿಕೊಂಡಂತೆ ಎಂದು ವಿವರಿಸಿದೆ. ಕೊಯ್ಲಿನ ದಿನಗಳಲ್ಲಿ ಬೆಳಗಿನ ಆಟೊಗಳೆಲ್ಲ ಕೂಲಿಯವರನ್ನು ಹೊತ್ತು ಹೊಲಕ್ಕೆ ಹೋಗುತ್ತವೆ, ಶನಿವಾರ ಒಂದೂ ಸಿಗುವುದಿಲ್ಲ ಎಂದು ಅವಳೂ ವಿವರಿಸಿದಳು. ನಂತರ ನನ್ನ ಅಂಗಿಯ ಎಡ ಭುಜ ಕೊಡವಿದಳು.

“ಸಾಲಿಗೆ ಹೋಗಾಕಿ ನಾನು. ಚಾಕ್ ಪುಡಿ ನಿಮ್ಮ ಅಂಗಿಗೆ ಹ್ಯಾಂಗ ಹತ್ತೇತಿ?”

ಸಭೆಯ ಗೋಡೆಯದಿರಬೇಕು ಎಂದೆ. ಬರೆಯಲು ಕೂತೆ. ಯಾರು, ಎಲ್ಲಿ, ಯಾವಾಗ, ಏನು ಎಂಬ ಕ್ರಮದಲ್ಲಿ ಅರ್ಧ ಪುಟ. ವಿಶೇಷಣ ಒಂದೂ ಇರಲಿಲ್ಲ.

ಶುಕ್ರವಾರ ಅವಳು ಬಸ್ಸಿಗೆ ಸಾಲಗುಂದಕ್ಕೆ ಹೋದಳು, ನಾನು ಮಸ್ಕಿಗೆ. ಮಾಲೀಕರು ಅಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಾರೆ. ಮನೆಮಾತು ದಖನಿ ಉರ್ದು, ಅಂಗಡಿಮಾತು ಕನ್ನಡ. ಅರ್ಜಿಯನ್ನು ಎರಡು ಸಲ ಓದಿ, ಸಾಕ್ಷಿಯೆಂದು ಹಿತ್ತಾಳೆ ಬಿಲ್ಲೆಯನ್ನೂ ಇಸಿದುಕೊಂಡು ಮೇಜಿನ ಮೇಲಿಟ್ಟರು.

“ಭೇಷ್ ಬರದೀರಿ. ಒಂದು ಗಾಡಿ ದಂಡಕ್ಕ ಇಷ್ಟು ಛಲೋ ಅರ್ಜಿ ನಾ ನೋಡೇ ಇಲ್ಲ. ಆದ್ರ ಇದು ನಿಮ್ಮ ಬದಿ. ಅವರ ಬದಿ ಕೇಳಬೇಕಲ್ರಿ?”

ಇದನ್ನೇ ನಾನು ವರ್ಷಗಟ್ಟಲೆ ಹೊಸ ವರದಿಗಾರರಿಗೆ ಹೇಳಿದ್ದೇನೆ. ಒಪ್ಪಿದೆ. ಅವರು ಒಂದು ನೋಟ್‌ಬುಕ್ಕು ನನ್ನ ಮುಂದೆ ತಳ್ಳಿದರು.

“ತಹಕೀಕಾತ್ ನಾ ಮಾಡ್ತೀನಿ, ಬರಕೋರಿ ನೀವು. ಬರಿಯೋದು ನಿಮ್ಮ ಕಸುಬು. ಯಾರು ಏನಂದ್ರೋ ಹಂಗೇ ಬರೀರಿ, ಹೆಚ್ಚಿಲ್ಲ, ಕಮ್ಮಿಲ್ಲ.”

ಫೋನನ್ನು ಮೇಜಿನ ಮೇಲಿಟ್ಟು ಗೇಟಿನ ಹಿರಿಯರಿಗೆ ಕರೆ ಮಾಡಿ, ಜೋರಾಗಿ ಕೇಳುವಂತೆ ಮಾಡಿದರು. ಗೊಬ್ಬರ ಕೊಳ್ಳಲು ಬಂದಿದ್ದ ಇಬ್ಬರು ಚೀಲದ ಮೇಲೆ ಕೂತು ವಿಚಾರಣೆಗೆ ಹಾಜರಾದರು.

“ಬೋರ್ಡಿಗೆ ಯಾವಾಗ ಬರದಿದ್ರಿ?”

“ಮುಂಜಾನಿ ಆರಕ್ಕ ಬರದೀನ್ರಿ. ಆದ್ರ ಒಂಬತ್ತರ ಸುಮಾರಿಗೆ ನೋಡ್ತೀನಿ, ಅರ್ಧ ಅಳಿಸೇತಿ. ಯಾವ್ದೋ ಆಡು ಬಂದು ಮೈ ತಿಕ್ಕಿತ್ತು. ತಿರುಗಿ ಬರದೆ.”

“ಆಡು ಎಷ್ಟು ಎತ್ತರ ಇತ್ತು?” ಎಂದು ಚೀಲದ ಮೇಲಿದ್ದ ಒಬ್ಬರು ಕೇಳಿದರು.

“ಆಡು ನಾ ನೋಡಿಲ್ರಿ. ಅಳಿಸಿದ್ದು ನೋಡೀನಿ. ನನ್ನ ಭುಜದಷ್ಟು ಎತ್ತರಕ್ಕ ಅಳಿಸಿತ್ತು.”

ನಾನು ‘ಭುಜ’ ಎಂದು ಬರೆದು ಪೆನ್ನು ನಿಲ್ಲಿಸಿದೆ. ನಾನು ಒರಗಿ ಫೋನಿನಲ್ಲಿ ಮಾತಾಡಿದ ಗೇಟಿನ ಬಾಗಿಲು ಕಪ್ಪಗಿತ್ತು. ಗೇಟಿಗೆ ಬೇರೆ ಬೋರ್ಡು ಇರಲಿಲ್ಲ. ಬಾಗಿಲೇ ಬೋರ್ಡು.

ಇದು ಬೇರೆ ಯಾರಿಗೂ ತಿಳಿದಿರಲಿಲ್ಲ. ಅಂಗಿಯನ್ನು ಹೆಂಡತಿ ಆಗಲೇ ನೆನೆಹಾಕಿದ್ದಳು. ಅರ್ಜಿ ಗೆಲ್ಲುವ ಸ್ಥಿತಿಯಲ್ಲಿತ್ತು, ಏಕೆಂದರೆ ಬೋರ್ಡು ಅರ್ಧ ಅಳಿಸಿತ್ತೆಂದು ಬರೆದವರೇ ಒಪ್ಪಿದ್ದರು. ಆದರೆ ನೋಟ್‌ಬುಕ್ಕು ನನ್ನ ಕೈಯಲ್ಲಿತ್ತು. ಹೀಗೆ ಬರೆದೆ: ‘ಗುರುವಾರ ಸಂಜೆ ಅರ್ಜಿದಾರನ ಎಡ ಭುಜಕ್ಕೆ ಸೀಮೆಸುಣ್ಣದ ಪುಡಿ ಹತ್ತಿದ್ದು ಕಂಡುಬಂದಿತ್ತು.’ ಬರೆದದ್ದನ್ನು ಗಟ್ಟಿಯಾಗಿ ಓದಿದೆ.

ಮೊದಲು ಮಾತಾಡಿದ್ದು ಫೋನು.

“ಅಂದ್ರ ಆ ಆಡು ನೀವೇನ್ರಿ?”

ಮಾಲೀಕರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಚೀಲದ ಮೇಲಿದ್ದವರು ಬಂದ ಕೆಲಸ ಮರೆತರು. ನಗೆ ನಿಂತ ಮೇಲೆ ಶನಿವಾರದ ಶಾಲೆಯ ವಿಷಯ ಹೇಳಿದೆ. ಅವರು ಗಡಿಯಾರ ನೋಡಿದರು.

“ಮಾಸ್ತರಮ್ಮನ ಹಾಜರಿ ಕೆಡಬಾರದು. ಬರಕೋರಿ. ದಂಡ ಮಾಫ್ ಇಲ್ಲ. ಆದ್ರ ರೊಕ್ಕ ಬ್ಯಾಡ. ಕಣದಾಗ ಎರಡು ಕಾಲು ಕಮ್ಮಿ ಅದಾವ. ಹೋಗಿ ಸಂಜಿತನಕ ಕಾಲಾಡಸ್ರಿ, ನೆಲ್ಲು ಒಣಗ್ಲಿ, ರಾಶಿ ಆಗ್ಲಿ, ಗಾಡಿ ಒಯ್ರಿ. ಇಷ್ಟು ಬರದು ಕೆಳಗ ಸಹಿ ಮಾಡ್ರಿ.”

“ಯಾರ ಸಹಿ?”

“ನಿಮ್ದೇ. ಬರದವರು ನೀವಲ್ಲ?”

ಸಹಿ ಮಾಡಿ, ಸಿಕ್ಕ ಬಸ್ಸು ಹತ್ತಿ ಸಿಂಧನೂರಿಗೆ ಬಂದೆ. ಹನ್ನೆರಡೂವರೆಗೆ ಚಪ್ಪಲಿ ಗೇಟಿನಲ್ಲಿ ಬಿಟ್ಟು, ಪ್ಯಾಂಟು ಮಡಿಚಿ ಕಣಕ್ಕೆ ಇಳಿದೆ. ಬಿಸಿಲಿಗೆ ನೆಲ್ಲು ಕೆಂಡದಂತಿತ್ತು, ಕಾಳಿನ ತುದಿ ಬೆರಳ ಸಂದಿಯಲ್ಲಿ ಚುಚ್ಚುತ್ತಿತ್ತು.

“ಹೆಜ್ಜಿ ಎತ್ತಬ್ಯಾಡ, ಎಳಿ,” ಎಂದು ಆ ಹೆಣ್ಣುಮಗಳು ಕಲಿಸಿದಳು. “ಸಾಲು ನೆಟ್ಟಗ ಬರ್ಲಿ. ಪೇಪರಿನ್ಯಾಗ ಹಿಂಗ ಸೊಟ್ಟ ಬರೀತೀಯೇನು?”

ಗೇಟಿನ ಹಿರಿಯರು ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಕೂತಿದ್ದರು. ಇಬ್ಬರು ಪರಿಚಯದ ರೈತರು ಹಾದುಹೋಗುವಾಗ ನಿಂತು, ನಾನು ಸುದ್ದಿಗಾಗಿ ಹೀಗೆ ಮಾಡುತ್ತಿದ್ದೇನೆಂದು ತಿಳಿದು ಫೋಟೊ ತೆಗೆದರು. ನಾಲ್ಕೂವರೆಗೆ ಹೆಣ್ಣುಮಗಳು ಒಂದು ಕಾಳು ಹಲ್ಲಿಗೆ ಹಾಕಿ ಕಟಕ್ಕನೆ ಕಡಿದು, ಆಯಿತು ಎಂದಳು. ಇಬ್ಬರೂ ಸೇರಿ ನೆಲ್ಲನ್ನು ಎಳೆದು ರಾಶಿ ಮಾಡುತ್ತಿದ್ದಾಗ ಹೆಂಡತಿ ಸಾಲಗುಂದದ ಬಸ್ಸಿನಿಂದ ಇಳಿದು ನೇರ ಅಲ್ಲಿಗೇ ಬಂದಳು. ನನ್ನ ಕಾಲು ನೋಡಿದಳು.

“ಅರ್ಜಿ ಏನಾತು?”

“ವಜಾ ಆಯ್ತು.”

“ಯಾರು ವಜಾ ಮಾಡಿದ್ರು?”

ಇದಕ್ಕೆ ಸರಿಯಾದ ಉತ್ತರ ಉದ್ದವಾಗುತ್ತಿತ್ತು. ಸ್ಕೂಟರನ್ನು ತಳ್ಳಿಕೊಂಡು ಗೇಟಿಗೆ ತಂದೆ. ಹಿರಿಯರು ಚೀಟಿ ಹರಿದರು. ಆಮೇಲೆ ಅಂಗೈ ಚಾಚಿದರು.

“ಬಿಲ್ಲಿ?”

ಬಿಲ್ಲೆ ಮಸ್ಕಿಯಲ್ಲಿ, ಮಾಲೀಕರ ಮೇಜಿನ ಮೇಲಿತ್ತು.

ಹೆಂಡತಿ ಮೊದಲು ನನ್ನ ಕಡೆ, ಆಮೇಲೆ ಸ್ಕೂಟರಿನ ಕಡೆ ನೋಡಿದಳು. ಹಿರಿಯರು ಹಲಗೆಯ ಹದಿನೇಳನೇ ಮೊಳೆಯನ್ನು ನೋಡುತ್ತ ಬಹಳ ಹೊತ್ತು ಯೋಚಿಸಿದರು.

“ಗಾಡಿ ಹೋಗ್ಲಿ,” ಎಂದರು ಕಡೆಗೆ. “ಗಣ್ಯಾಗ ಬಿಲ್ಲಿ ಇದ್ದದ್ದು ಮನಶ್ಯಾರಿಗೆ, ಗಾಡಿಗಲ್ಲ. ತಂಗೀ, ನೀ ಗಾಡಿ ಒಯ್ಯವಾ. ಇವರ ಲೆಕ್ಕ ಮಾತ್ರ ಒಳಗೇ ಇರ್ತದ.”

ಶನಿವಾರ ಅವಳು ಏಳೂಕಾಲಿಗೆ ಸಾಲಗುಂದದ ಕಡೆ ಹೊರಟಳು. ನಾನು ಮಸ್ಕಿಯ ಬಸ್ಸು ಹಿಡಿದೆ. ತೀರ್ಪಿನ ಹಾಳೆಯ ಮೇಲೆ ಭಾರಕ್ಕಿಟ್ಟಿದ್ದ ಬಿಲ್ಲೆಯನ್ನು ಮಾಲೀಕರು ಚಹಾದ ಜೊತೆ ಕೊಟ್ಟರು. ಸಿಂಧನೂರಿಗೆ ಬಂದು ನಾನೇ ಅದನ್ನು ಮೊಳೆಗೆ ಹಾಕಿದೆ. ಹಿರಿಯರು ಪುಸ್ತಕ ತೆರೆದು, ಕನ್ನಡಕ ಏರಿಸಿ, ಹೊತ್ತು ಬರೆದುಕೊಂಡರು.

“ಈಗ ಮ್ಯಾಲ ಬಂದ್ರಿ ನೋಡ್ರಿ,” ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ. ಎರಡು ದಿನದಿಂದ ಅವರು ನಿಜಕ್ಕೂ ನನ್ನನ್ನು ಕಾಯುತ್ತಿದ್ದರು.

ಮಧ್ಯಾಹ್ನ ಹೆಂಡತಿ ಬಂದು ಬ್ಯಾಗು ಇಟ್ಟಳು. ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಸಹಿ ಮಾಡಿದ್ದಳು. ಹಾಜರಿ ಪುಸ್ತಕ ಮೊದಲಿನಂತೆಯೇ ಇತ್ತು.

“ಮತ್ತ ನೀವು ಎಷ್ಟಕ್ಕ ಹೊರಗ ಬಂದ್ರಿ?”

“ಹನ್ನೊಂದೂಕಾಲಿಗೆ.”

“ಗುರುವಾರ ಹೋದವರು,” ಎಂದಳು, ಬ್ಯಾಗಿನಿಂದ ಕೆಂಪು ಪೆನ್ನು ತೆಗೆಯುತ್ತ. “ಚಾಚ್ರಿ ಕೈ.”