ಮೀಸೆ ಸಂದಿಯ ಗಾಳಿ

ಹುಲ್ಲಹಳ್ಳಿ ಕಡೆ ಆಲೆಮನೆ ತಿಮ್ಮಯ್ಯನೆಂದರೆ ಮೊದಲು ಮೀಸೆ, ಆಮೇಲೆ ಬೆಲ್ಲ. ಮೀಸೆಗೆ ಅವನು ಬಳಿಯುತ್ತಿದ್ದ ಎಣ್ಣೆಯಲ್ಲಿ ಒಂದು ಮನೆಯ ಒಗ್ಗರಣೆ ಆಗಿಬಿಡುತ್ತಿತ್ತು. ಹರೆಯದಿಂದಲೂ ಕೊಪ್ಪರಿಗೆಯ ಮುಂದೆ ನಿಂತು ಹೊಗೆ ಕುಡಿದ ಪುಣ್ಯಾತ್ಮ, ಅದು ಸಾಲದೆಂದು ಬೀಡಿಯನ್ನೂ ಸೇದಿದ. ಬೇಡವೆಂದವರಿಗೆ "ಒಗೆಗೆ ಒಗೆನೇ ಮದ್ದು ಕಣ್ಲಾ" ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದ.

2006ರ ಚಳಿಗಾಲದಲ್ಲಿ ಶ್ವಾಸಕೋಶ ಕೈಕೊಟ್ಟಿತು. ಮೈಸೂರಿನ ಆಸ್ಪತ್ರೆಯಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕ್ ಕಟ್ಟಿ, ಮೆಷಿನ್ನಿನಿಂದ ಗಾಳಿ ಒತ್ತಿದರು. ಅದು ಒಳಗೆ ಹೋಗುವ ಬದಲು ಮೀಸೆಯ ಸಂದಿಯಿಂದ ಬುಸ್ಸೆಂದು ಹೊರಗೆ ಬಂತು. ಮೆಷಿನ್ನು ಕಿರುಚತೊಡಗಿತು.

"ಮೀಸೆ ತೆಗೀಬೇಕು," ಎಂದರು ಡಾಕ್ಟರು. "ಇಲ್ದಿದ್ರೆ ಗಂಟಲಿಗೇ ನಳಿಗೆ ಹಾಕ್ಬೇಕಾಗುತ್ತೆ. ಇಂಥ ಶ್ವಾಸಕೋಶ ಇರೋರಿಗೆ ಆಮೇಲೆ ಅದನ್ನ ಬಿಡಿಸೋದು ಕಷ್ಟ."

ತಿಮ್ಮಯ್ಯ ಮಾಸ್ಕ್ ಕಿತ್ತು ಏದುಸಿರಿನಲ್ಲೇ ಗುಡುಗಿದ. "ನಮ್ಮಪ್ಪ ಬದ್ಕವ್ನೆ ಸಾ! ಅಪ್ಪ ಸತ್ತೋರು ಮೀಸೆ ಬೋಳುಸ್ಕಳೋದು. ಅವ್ನ ಸಾವ ನಾನೇ ಕರೀಲಾ?"

ಹೆಂಡತಿ ಮುದ್ದಮ್ಮ ಅತ್ತಳು, ಬೈದಳು. ಗಂಡನ ಉಸಿರಿಗೆ ಗತಿಯಿಲ್ಲದಿದ್ದರೂ ಹಟಕ್ಕೇನೂ ಬರವಿರಲಿಲ್ಲ. ಕೊನೆಗೆ ಎಂಬತ್ತು ದಾಟಿದ ಮಾವ ಬೆಟ್ಟಯ್ಯನನ್ನೇ ಊರಿಂದ ಕರೆಸಿದಳು.

ಮಗನ ನೀಲಿಗಟ್ಟಿದ ಉಗುರು ನೋಡಿ ಮುದುಕನ ಎದೆ ಒಡೆದುಹೋಯಿತು. ಬಾಯಿಗೆ ಬಂದದ್ದು ಮಾತ್ರ ಬೈಗುಳ.

"ಲೇ ತಿಮ್ಮ, ನಾ ಸತ್ತಾಗ ಬೆಂಕಿ ಇಡಕ್ಕೆ ನೀನಿರ್ಬೇಡ್ವೇನ್ಲಾ? ತತ್ತಾರವ್ವ ಆ ರೇಜರ್ರ."

ಗದ್ದ ಹಿಡಿದು ತಾನೇ ಬೋಳಿಸಿದ. ಎರಡು ಕಡೆ ಗಾಯವೂ ಆಯಿತು. ತಿಮ್ಮಯ್ಯ ಕಣ್ಣು ಮುಚ್ಚಿ ಮಗುವಿನಂತೆ ಅತ್ತ. ಮಾಸ್ಕ್ ಸರಿಯಾಗಿ ಕೂತಿತು, ಮೆಷಿನ್ನು ಸುಮ್ಮನಾಯಿತು.

ವಾರ ಕಳೆದು ತಿಮ್ಮಯ್ಯ ಊರಿನಲ್ಲಿ ಬಸ್ಸಿಳಿದ. ಬೋಳು ತುಟಿ ಕಂಡವರಿಗೆ ಕೇಳುವ ಅಗತ್ಯವೇನಿದೆ? ಸಂಜೆಯೊಳಗೆ ಹೆಂಗಸರು ಸೆರಗು ಬಾಯಿಗಿಟ್ಟು ಅಳುತ್ತ ಬಂದರು. ಮುಂದೆ ಬಂದವಳ ಕೈಯಲ್ಲಿ ಚೆಂಡುಹೂವಿನ ಹಾರವೂ ಇತ್ತು.

ಜಗಲಿಯ ಮೇಲೆ, ಮುಂದಿನ ಬಸ್ಸಿಗೆ ಬಂದಿಳಿದಿದ್ದ ಬೆಟ್ಟಯ್ಯ ಕಾಫಿ ಕುಡಿಯುತ್ತ ಕೂತಿದ್ದ. ಒಳಗೆ ಮಗ ಕೆಮ್ಮಿಲ್ಲದೆ ಮಲಗಿದ್ದ. ಮುದುಕ ಹಾರ ಇಸಿದುಕೊಂಡು ತನ್ನ ಕೊರಳಿಗೆ ತಾನೇ ಹಾಕಿಕೊಂಡ.

"ಮೆಲ್ಲುಗ್ ಅಳ್ರವ್ವ, ಮಗ ಈಗ ಕಣ್ಮುಚ್ಚವ್ನೆ," ಎಂದ. "ನಾ ಸಾಯಕ್ಕೆ ಇನ್ನೂ ಟೈಮದೆ. ಅವ್ನ ಮೀಸೆ ಮೊದ್ಲು ಬೆಳೀಲಿ."