ಸೋತ ಸೇನಾಪತಿ ನಮ್ಮ ಕಾಕು

ಪುಣೆಯಲ್ಲಿ ಇದ್ದುಕೊಂಡು ಇತಿಹಾಸದ ಚಟ ಹತ್ತದವನನ್ನು ನಾನಿನ್ನೂ ಕಂಡಿಲ್ಲ. ನಮ್ಮ ಪೇಠೆಯ ಕಟ್ಟೆಯ ಮೇಲೆ ದಿನಾ ಸಂಜೆ ಪೇಶ್ವೆಯರ ಮನೆಯ ಕಾಕಾ ಮತ್ತು ಅಣ್ಣನ ಮಗನ ಕಾಳಗ ಹೊಸದಾಗಿ ನಡೆಯುತ್ತದೆ. ಸೋತ ಕಾಕಾ ಎಲ್ಲಿ ಎಡವಿದ, ಯಾವಾಗ ಕುದುರೆ ಏರಬೇಕಿತ್ತು ಎಂಬುದೆಲ್ಲ, ಟಾಂಗಾಕ್ಕೆ ಕಟ್ಟಿದ ಕುದುರೆಯನ್ನಷ್ಟೇ ಕಂಡ ನಮ್ಮ ಕಚೇರಿಯ ಕಾರಕೂನರಿಗೆ ಬಾಯಿಪಾಠ. ನನಗೂ ಆ ಚಟ ಉಂಟು. ಆದರೆ ನಾನು ವಕಾಲತ್ತು ಹಿಡಿದಿರುವುದು ಆ ಕಾಕಾನದಲ್ಲ, ನಮ್ಮ ಚಿಕ್ಕಪ್ಪನ ಹೆಂಡತಿಯದು, ಅಂದರೆ ಕಾಕೂನದು.

ವಾಡೆ ಎಂದು ಕರೆಯುವ ನಮ್ಮ ವಠಾರದಲ್ಲಿ ಧಾರವಾಡ, ಬೆಳಗಾವಿ ಕಡೆಯ ಮನೆಗಳೇ ಹೆಚ್ಚು. ಅಂಗಳದಲ್ಲಿ ಎಲ್ಲರಿಗೂ ಒಂದೇ ಹೌದ, ಅಂದರೆ ನೀರಿನ ತೊಟ್ಟಿ. ಬೆಳಗ್ಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಪೂಜೆಗೆ ಮಡಿನೀರು ತುಂಬುವಾಗ ಮೊದಲ ಕೊಡ ಯಾರದು ಎಂಬ ಮಾತಿಗೆ ವಾಡೆ ಎರಡು ಹೋಳಾಯಿತು. ಒಂದು ಕಡೆಗೆ ನಮ್ಮ ಕಾಕು, ಇನ್ನೊಂದು ಕಡೆಗೆ ಎದುರುಮನೆಯ ಗಂಗಕ್ಕ. ಉಪ್ಪು, ಖಾರ ಕೊಡುಕೊಳ್ಳುವುದು ನಿಂತಿತು. ಒಡಹುಟ್ಟಿದ ಅಕ್ಕತಂಗಿಯರೇ ಬೇರೆ ಬೇರೆ ಪಾಳಯ ಸೇರಿದರು. ಕೊನೆಗೆ ವಾಡೆಯ ಮಾಲಕರು ಬೇಸತ್ತು ತೀರ್ಪು ಕೊಟ್ಟರು: ಯುಗಾದಿಯ ಬೆಳಗ್ಗೆ ಯಾರ ಮಡಿಕೊಡ ಮೊದಲು ಅವರವರ ದೇವರ ಮನೆ ಮುಟ್ಟುತ್ತದೋ, ಇನ್ನು ಮುಂದೆ ಅವರದೇ ಕಾಯಂ ಮೊದಲ ಪಾಳಿ.

ಅಬ್ಬಾ, ಆ ಬೆಳಗು! ಕಾಕು ಎಲ್ಲರಿಗಿಂತ ಮೊದಲೇ ಕೊಡ ತುಂಬಿ ಸೊಂಟಕ್ಕೇರಿಸಿದ್ದಳು. ಗೋರಾ ಸಾಹೇಬನ ಕಚೇರಿಯಲ್ಲಿ ನೌಕರಿ ಮಾಡುವ ನಾನು, ಯಾರೂ ಅವಳನ್ನು ಮುಟ್ಟಿ ಮಡಿ ಕೆಡಿಸದಂತೆ ಕೈ ಅಗಲಿಸಿಕೊಂಡು ಮುಂದೆ ನಡೆದ ಕಾಲಾಳು. ಮೆಟ್ಟಿಲೇರಿದರೆ ಗೆಲುವು. ಅಷ್ಟರಲ್ಲಿ ಗಂಗಕ್ಕನ ಮನೆಯಿಂದ ಚೀರು ಕೇಳಿತು. ಅವಳ ಸೊಸೆಗೆ ಬೇನೆ ಶುರುವಾಗಿತ್ತು, ಸೂಲಗಿತ್ತಿ ಇನ್ನೂ ಬಂದಿರಲಿಲ್ಲ. ಗಂಗಕ್ಕ ಹೊಸ್ತಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ವೈರಿಯನ್ನು ಯಾವ ಬಾಯಿಂದ ಕರೆಯುವುದು?

ಕಾಕು ಕರೆಸಿಕೊಳ್ಳಲಿಲ್ಲ. ತುಂಬಿದ ಕೊಡದ ಸಮೇತ ಆ ಮನೆಗೇ ನುಗ್ಗಿದಳು.

"ಏನ್ ನೋಡ್ಕೋತ ನಿಂತೀಯೋ? ಒಲಿ ಹಚ್ಚು! ಎಲ್ಲಾರೂ ಬರ್ರಿ ಒಳಗ!" ಎಂದು ತನ್ನ ಸೈನ್ಯವನ್ನೆಲ್ಲ ಕೂಗಿ ಕರೆದಳು.

ಆ ಕೊಡದ ನೀರು ಕಾದು ಹೆಣ್ಣುಕೂಸಿನ ಮೊದಲ ಸ್ನಾನಕ್ಕೆ ಹೋಯಿತು. ಹೆರಿಗೆಯ ಕೋಣೆ ಹೊಕ್ಕ ಮೇಲೆ ಮಡಿ ಎಲ್ಲಿಯದು? ಅಂಗಳದಲ್ಲಿ ಗಂಗಕ್ಕನ ಕಡೆಯವರು ಆರಾಮಾಗಿ ಮಡಿನೀರು ತುಂಬಿಕೊಂಡು ಹೋದರು, ಮೊದಲ ಪಾಳಿ ಅವರದಾಯಿತು.

ಕಾಕೂನ ಗಂಡ, ನಮ್ಮ ಕಾಕಾ, ಅದನ್ನು ಇಂದಿಗೂ ಮರೆತಿಲ್ಲ. "ಕೊಡ ದೇವರ ಮುಂದ ಇಟ್ಟು ಆಮ್ಯಾಲ ಓಡಬೇಕಿತ್ತು. ಯುದ್ಧ ಗೊತ್ತಿಲ್ಲ ಈಕಿಗೆ," ಎನ್ನುತ್ತಾರೆ.

"ಕೂಸು ಕಾಯ್ತದೇನ್ರಿ?" ಎಂದಷ್ಟೇ ಕಾಕು ಕೇಳುತ್ತಾಳೆ.

ಕಟ್ಟೆಯ ಪಂಡಿತರು ಸೋತ ದಂಡನಾಯಕರ ತಪ್ಪು ಹುಡುಕುವಾಗೆಲ್ಲ ನಾನು ಈ ಕಥೆ ತೆಗೆಯುತ್ತೇನೆ. ಎಲ್ಲಿ ಯುದ್ಧ ಬಿಟ್ಟು ಎದ್ದು ಹೋಗಬೇಕೆಂದು ತಿಳಿದ ಸೇನಾಪತಿ ನಿಮ್ಮ ಪುಸ್ತಕದಲ್ಲಿದ್ದರೆ ತೋರಿಸಿ ಎನ್ನುತ್ತೇನೆ. ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ನಮ್ಮ ಕಾಕು ಅವಳು.

ಮರುವರ್ಷದ ಯುಗಾದಿಗೆ ಗಂಗಕ್ಕ ತನ್ನ ಹಕ್ಕಿನ ಮೊದಲ ಕೊಡ ತುಂಬಿದಳು. ಒದ್ದೆ ಸೀರೆಯಲ್ಲೇ ನಮ್ಮ ಮೆಟ್ಟಿಲೇರಿ ಬಂದು ಅದನ್ನು ಕಾಕೂನ ದೇವರ ಮುಂದೆ ಇಳಿಸಿದಳು.

"ನಿಮ್ದ ರೀ ಇದು, ಹೋದ ವರ್ಷದ್ದು," ಅಂದಳು.

ಅಂದಿನಿಂದ ಪ್ರತಿ ಯುಗಾದಿಗೂ ಮೊದಲ ಕೊಡ ನಮ್ಮ ಮನೆಗೇ ಬರುತ್ತದೆ. ಈಗ ಅದನ್ನು ಹೊತ್ತು ತರುವವಳು ಅಂದು ಹುಟ್ಟಿದ ಹುಡುಗಿ. ಕಾಕಾ ಆ ನೀರಿನಲ್ಲೇ ದೇವರಿಗೆ ಅಭಿಷೇಕ ಮಾಡುತ್ತ, ಮಂತ್ರದ ನಡುವೆ ಗೊಣಗುತ್ತಾರೆ:

"ಯುದ್ಧ ಗೊತ್ತಿಲ್ಲ ಈಕಿಗೆ."